ಪಕ್ಕದ ಮನೆಯವರು ಯೂಲ್ ಹಬ್ಬಕ್ಕೆ ಕರೆದಿದ್ದಾರೆ, ಅಲ್ಲಿ ಏನು ನಡೆಯುತ್ತದೆ?

ಪ್ರಶ್ನೆ: ನಾವು ಸಾಗರದ ಕಡೆಯವರು. ಈಗ ಇಂಗ್ಲೆಂಡಿನ ಸಾಮರ್ಸೆಟ್‌ನ ಒಂದು ಸಣ್ಣ ಊರಿನಲ್ಲಿದ್ದೇವೆ. ಪಕ್ಕದ ಮನೆಯ ದಂಪತಿ ತುಂಬಾ ಒಳ್ಳೆಯವರು. ಆಕೆ ವಿಕ್ಕಾ ಪಂಥದವರಂತೆ, ಗಂಡ ಡ್ರೂಯಿಡ್ ಅಂತೆ. ಡಿಸೆಂಬರ್ 21ರ ಸಂಜೆ ಅವರ ಮನೆಯಲ್ಲಿ ಯೂಲ್ ಹಬ್ಬ. ಮಾರನೇ ದಿನ ಬೆಳಗಿನ ಜಾವ ಗುಡ್ಡ ಹತ್ತಿ ಸೂರ್ಯೋದಯ ನೋಡುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದಿದ್ದಾರೆ. ಊರಿನಿಂದ ಬಂದಿರುವ ನಮ್ಮ ಅತ್ತೆಯವರಿಗೆ ಇದೇನೋ ಮಾಟ-ಮಂತ್ರ ಎಂಬ ಭಯ. ಅಲ್ಲಿ ನಿಜವಾಗಿ ಏನು ಮಾಡುತ್ತಾರೆ? ಇದು ಕ್ರಿಸ್‌ಮಸ್‌ಗಿಂತ ಹಳೆಯ ಹಬ್ಬವೇ? ನಾವು ಸಸ್ಯಾಹಾರಿಗಳು, ಮದ್ಯ ಮುಟ್ಟುವುದಿಲ್ಲ. ಹೋದರೆ ಏನು ತೆಗೆದುಕೊಂಡು ಹೋಗಬೇಕು?

ಉತ್ತರ: ಹೋಗಿ ಬನ್ನಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಭಯಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ವಿಕ್ಕಾದಲ್ಲಿ ಮಂತ್ರ ಇದೆ, ವಿಧಿ ಇದೆ. ಅದನ್ನು ಅವರೇನೂ ಮುಚ್ಚಿಡುವುದಿಲ್ಲ. ಆದರೆ ಯಾರಿಗೂ ಕೆಡುಕು ಮಾಡದೆ ನಿನಗೆ ಸರಿ ಕಂಡಂತೆ ಬಾಳು ಎನ್ನುವುದು ಅವರ ಮುಖ್ಯ ಕಟ್ಟಳೆ. ಸೈತಾನನ ಪೂಜೆ ಅಲ್ಲಿಲ್ಲ. ಸೈತಾನ ಕ್ರೈಸ್ತರ ನಂಬಿಕೆಯೊಳಗಿನವನು, ಇವರ ದೇವರುಗಳ ಸಾಲಿನಲ್ಲಿ ಅವನಿಗೆ ಜಾಗವೇ ಇಲ್ಲ. ದೀಕ್ಷೆ ಪಡೆದವರಷ್ಟೇ ಸೇರುವ ಒಳಕೂಟಗಳೂ ಇವೆ, ಆದರೆ ಅಂಥ ಕಡೆಗೆ ನೆರೆಹೊರೆಯವರನ್ನು ಕರೆಯುವುದಿಲ್ಲ. ಮಕ್ಕಳ ಜೊತೆ ಬನ್ನಿ ಎಂದಿದ್ದಾರೆ ಅಂದರೆ ಅದು ಮನೆ ಹಬ್ಬ.

ವಿಕ್ಕಾದವರು, ಯುರೋಪಿನ ಪ್ರಾಚೀನ ಕೆಲ್ಟಿಕ್ ಪುರೋಹಿತರ ಹೆಸರಿಟ್ಟುಕೊಂಡ ಡ್ರೂಯಿಡರು, ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ದೇವರುಗಳನ್ನು ಪೂಜಿಸುವವರು, ಎಲ್ಲರನ್ನೂ ಸೇರಿಸಿ ಪೇಗನ್ನರು ಎನ್ನುತ್ತಾರೆ. ಅವರೂ ಹಾಗೇ ಹೇಳಿಕೊಳ್ಳುತ್ತಾರೆ. ಇದು ಒಂದೇ ಮತವಲ್ಲ. ಎಲ್ಲರಿಗೂ ಒಬ್ಬ ಗುರು, ಒಂದು ಗ್ರಂಥ ಅಂತ ಇಲ್ಲ. ಪ್ರಕೃತಿಯನ್ನು ಪೂಜ್ಯವಾಗಿ ಕಾಣುವುದು, ದೇವಿಯನ್ನೂ ದೇವನನ್ನೂ ಅಥವಾ ಹಲವು ದೇವರನ್ನು ನಂಬುವುದು, ಋತು ಬದಲಾದಾಗ ಹಬ್ಬ ಮಾಡುವುದು, ಇಷ್ಟು ಹೆಚ್ಚುಕಮ್ಮಿ ಎಲ್ಲರಲ್ಲೂ ಇದೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದ್ದರು. ವಿಕ್ಕಾ ಎಂದೇ ಬರೆಸಿದವರು ಬೇರೆ, ಸುಮಾರು 13,000. ನಿಮ್ಮ ಸಾಮರ್ಸೆಟ್‌ನಲ್ಲೇ ಗ್ಲಾಸ್ಟನ್‌ಬರಿ ಇದೆ ಅಲ್ವಾ, ಅದು ಇವರಲ್ಲಿ ತುಂಬಾ ಜನರಿಗೆ ಯಾತ್ರಾಸ್ಥಳ. ಹಾಗಾಗಿ ನಿಮಗೆ ಇಂಥ ನೆರೆಯವರು ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಬ್ಬ ಅರ್ಥವಾಗಬೇಕಾದರೆ ಅಲ್ಲಿನ ಬೆಳಕಿನ ಲೆಕ್ಕ ನೋಡಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಅತಿ ದೊಡ್ಡ ಹಗಲಿಗೂ ಅದಕ್ಕೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ನಾವು ಅದನ್ನು ಗಮನಿಸುವುದೇ ಇಲ್ಲ. ಲಂಡನ್ನಿನಲ್ಲಿ ಆ ದಿನ ಬೆಳಕು ಇರುವುದು 8 ಗಂಟೆಗೂ ಕಡಿಮೆ. ಜೂನ್ ತಿಂಗಳಿಗೆ ಹೋಲಿಸಿದರೆ ಹತ್ತಿರಹತ್ತಿರ 9 ಗಂಟೆ ಬೆಳಕು ಮಾಯ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಂತೂ ನಾಲ್ಕು ಗಂಟೆ ಚಿಲ್ಲರೆ ಅಷ್ಟೇ. ಇಂಗ್ಲೆಂಡಿನಲ್ಲಿರುವ ನಿಮಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಮಕ್ಕಳು ಕತ್ತಲಲ್ಲೇ ಎದ್ದು, ಶಾಲೆ ಬಿಟ್ಟು ಬರುವ ಹೊತ್ತಿಗೆ ಮತ್ತೆ ಕತ್ತಲು ಕವಿಯುವ ಆ ವಾರಗಳನ್ನು ನೀವೇ ನೋಡಿದ್ದೀರಿ. ಡಿಸೆಂಬರ್ 21 ಅಥವಾ 22ಕ್ಕೆ ಸೂರ್ಯ ದಕ್ಷಿಣಕ್ಕೆ ಜಾರುವುದು ನಿಲ್ಲುತ್ತದೆ. ಕೆಲವು ದಿನ ಅವನು ಒಂದೇ ಜಾಗದಲ್ಲಿ ಹುಟ್ಟುವ ಹಾಗೆ ಕಾಣುತ್ತದೆ. ಆಮೇಲೆ ಉತ್ತರಕ್ಕೆ ವಾಪಸ್. ಇವರ ಹಬ್ಬ ಆ ತಿರುವಿನದು.

ಈಗ ಆ ಸಂಜೆಗೆ ಬರೋಣ. ಮನೆಯಿಂದ ಮನೆಗೆ ಕ್ರಮ ಬೇರೆಯಾಗುತ್ತದೆ. ಆದರೆ ನಾನು ಕಂಡ ಕೂಟಗಳಲ್ಲೆಲ್ಲ ಒಂದು ಎಳೆ ಇದ್ದೇ ಇದೆ: ಮೊದಲು ಕತ್ತಲಲ್ಲಿ ಕೂರುವುದು, ಆಮೇಲೆ ಬೆಂಕಿ ಹೊತ್ತಿಸುವುದು.

ಬಾಗಿಲಿಗೆ ಹಸಿರು ಎಲೆಗಳ ಬಳೆಯಾಕಾರದ ಮಾಲೆ ಕಟ್ಟಿರುತ್ತಾರೆ. ಒಳಗೆ ಒಂದು ಮೇಜಿನ ಮೇಲೆ ಚಳಿಗಾಲದಲ್ಲೂ ಎಲೆ ಉದುರದ ಗಿಡಗಳ ಟೊಂಗೆಗಳು ಇರುತ್ತವೆ. ಮುಳ್ಳೆಲೆಯ, ಕೆಂಪು ಹಣ್ಣಿನ ಹಾಲಿ ಗಿಡ, ಐವಿ ಬಳ್ಳಿ, ಪೈನ್, ಮತ್ತು ಮಿಸಲ್‌ಟೋ. ಮಿಸಲ್‌ಟೋ ನಮ್ಮ ಮಾವಿನ ಮರಕ್ಕೆ ಹತ್ತುವ ಬಂದಳಿಕೆಯ ಜಾತಿಯದು. ಎಲ್ಲ ಮರಗಳೂ ಬೋಳಾದಾಗ ಅದೊಂದು ಮೇಲೆ ಹಸಿರಾಗಿ ನಿಂತಿರುತ್ತದೆ, ಬಿಳಿ ಹಣ್ಣು ಬೇರೆ. ಅದರ ಹಣ್ಣು, ಹಾಲಿಯ ಹಣ್ಣು ಎರಡೂ ವಿಷ. ಚಿಕ್ಕ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ನಡುವೆ ಯೂಲ್ ಕೊರಡು ಇರುತ್ತದೆ. ಒಲೆ ಇರುವ ಮನೆಯಲ್ಲಿ ಅದು ನಿಜವಾದ ದಪ್ಪ ಸೌದೆ. ಇಲ್ಲದ ಮನೆಯಲ್ಲಿ ಸಣ್ಣ ತುಂಡಿಗೆ ಮೂರು ತೂತು ಕೊರೆದು ಮೇಣದಬತ್ತಿ ನಿಲ್ಲಿಸುತ್ತಾರೆ. ಕಳೆದ ವರ್ಷದ ಕೊರಡಿನ ಸುಟ್ಟ ತುಂಡೊಂದನ್ನು ಎತ್ತಿಟ್ಟಿದ್ದು, ಈ ವರ್ಷದ ಬೆಂಕಿಯನ್ನು ಅದರಿಂದಲೇ ಹೊತ್ತಿಸುವ ಮನೆಗಳಿವೆ. ಈ ರೂಢಿ 17ನೇ ಶತಮಾನದ ಇಂಗ್ಲಿಷ್ ಕವಿ ರಾಬರ್ಟ್ ಹೆರಿಕ್‌ನ ಸಾಲುಗಳಲ್ಲೇ ಸಿಗುತ್ತದೆ. ಆದರೆ ಅವನು ಬರೆದದ್ದು ಕ್ರಿಸ್‌ಮಸ್ ಕೊರಡಿನ ಬಗ್ಗೆ.

ಎಲ್ಲರೂ ಸೇರಿದ ಮೇಲೆ ಸುತ್ತ ಕೂರುತ್ತಾರೆ ಅಥವಾ ನಿಲ್ಲುತ್ತಾರೆ. ನಾಲ್ಕು ದಿಕ್ಕುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ನೆಲ. ಅಷ್ಟದಿಕ್ಪಾಲಕರನ್ನು ಬಲ್ಲ ನಿಮ್ಮ ಅತ್ತೆಯವರಿಗೆ ಇದು ಹೊಸದೆನಿಸುವುದಿಲ್ಲ. ಆಮೇಲೆ ಮನೆಯ ದೀಪಗಳನ್ನೆಲ್ಲ ಆರಿಸುತ್ತಾರೆ. ಫೋನ್ ಕೂಡ ಆಫ್. ಎಷ್ಟು ಹೊತ್ತು ಎಂಬ ನಿಯಮವಿಲ್ಲ. ಐದು ನಿಮಿಷ ಇರಬಹುದು, ಅರ್ಧ ಗಂಟೆಯೂ ಆಗಬಹುದು. ಆ ವರ್ಷ ತೀರಿಹೋದವರ ಹೆಸರನ್ನು ಕೆಲವರು ಮೆಲ್ಲಗೆ ಹೇಳುತ್ತಾರೆ. ಬಿಟ್ಟುಬಿಡಬೇಕಾದ ಒಂದು ದುಃಖವನ್ನೋ ಚಟವನ್ನೋ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು, ನಂತರ ಬೆಂಕಿಗೆ ಹಾಕುವವರೂ ಇದ್ದಾರೆ.

ನನ್ನ ದೃಷ್ಟಿಯಲ್ಲಿ ಇಡೀ ಹಬ್ಬದ ಜೀವ ಇಲ್ಲಿದೆ. ಆ ಊರುಗಳಲ್ಲಿ ಡಿಸೆಂಬರ್ ತುಂಬಾ ಬೀದಿದೀಪ, ಮಾಲ್, ಬಣ್ಣಬಣ್ಣದ ಬಲ್ಬು. ಕತ್ತಲೆ ಬಂದೇ ಇಲ್ಲ ಎಂಬಂತೆ ನಡೆದುಕೊಳ್ಳುವುದೇ ಜಾಸ್ತಿ. ಇವರು ಮಾತ್ರ ಸ್ವಲ್ಪ ಹೊತ್ತು ಅದರ ಜೊತೆ ಕೂತು, ಇದೂ ವರ್ಷದ ಭಾಗ ಎಂದು ಒಪ್ಪಿಕೊಳ್ಳುತ್ತಾರೆ. ಮನೆಯಲ್ಲಿ ಸಾವು ಕಂಡ ವರ್ಷ ಇಂಥ ಕೂಟಕ್ಕೆ ಬಂದವರು ಅತ್ತು ಹಗುರಾಗುವುದನ್ನು ನೋಡಿದ್ದೇನೆ. ಯಾರೂ ಅವರನ್ನು ಸಮಾಧಾನ ಮಾಡಲು ಆತುರಪಡುವುದಿಲ್ಲ. ಅದಕ್ಕೇ ಮಕ್ಕಳಿಗೂ ಮೊದಲೇ ಹೇಳಿಡಿ, ಆ ಹೊತ್ತಿನಲ್ಲಿ ಸುಮ್ನೆ ಕೂರಬೇಕು ಅಂತ. ಭಯವಾದರೆ ಅಮ್ಮನ ಕೈ ಹಿಡಿದುಕೊಂಡರಾಯಿತು.

ನಂತರ ಒಂದೇ ಒಂದು ದೀಪ ಹಚ್ಚುತ್ತಾರೆ. ಎಷ್ಟೋ ಮನೆಗಳಲ್ಲಿ ಅತಿ ಚಿಕ್ಕ ವಯಸ್ಸಿನವರ ಕೈಯಿಂದ ಹಚ್ಚಿಸುತ್ತಾರೆ. ಹಾಗಾಗಿ ನಿಮ್ಮ ಮಗುವಿಗೇ ಆ ಕೆಲಸ ಬಂದರೂ ಬರಬಹುದು. ಅದರಿಂದ ಪಕ್ಕದವರ ಬತ್ತಿ, ಅದರಿಂದ ಮತ್ತೊಬ್ಬರದು. ಹಚ್ಚುವಾಗ ಬರುವ ವರ್ಷಕ್ಕೆ ಒಂದು ಆಸೆ ಹೇಳುತ್ತಾರೆ. ಹೇಳಲು ಇಷ್ಟವಿಲ್ಲದಿದ್ದರೆ ಸುಮ್ಮನೆ ದಾಟಿಸಬಹುದು. ಕನ್ನಡದಲ್ಲಿ ಹೇಳಿದರೆ ಇನ್ನೂ ಖುಷಿಪಡುತ್ತಾರೆ. ಆಮೇಲೆ ಹಾಡು, ಊಟ.

ಈ ಹಬ್ಬದ ಹಿಂದಿರುವ ಕಥೆ ಪಂಥದಿಂದ ಪಂಥಕ್ಕೆ ಬೇರೆ. ವಿಕ್ಕಾದವರಲ್ಲಿ, ಮಹಾದೇವಿ ಈ ರಾತ್ರಿ ಸೂರ್ಯನನ್ನು ಮಗುವಾಗಿ ಹೆರುತ್ತಾಳೆ. ಒಂದು ಹಂಡೆಯಲ್ಲಿ ಬೆಂಕಿ ಇಟ್ಟು, ಸುತ್ತ ಹಾಲಿ, ಐವಿ, ಮಿಸಲ್‌ಟೋ ಸುತ್ತಿ, ಮೇಣದಬತ್ತಿ ಹಿಡಿದು ಸುತ್ತುತ್ತಾ ಕುಣಿಯುವ ವಿಧಿ ಅವರ ಹಳೆಯ ಕಟ್ಟಿನಲ್ಲಿದೆ. ಅದಕ್ಕೆ 1953ರಲ್ಲಿ ಡೋರೀನ್ ವ್ಯಾಲಿಯಂಟೆ ಎಂಬಾಕೆ ಬರೆದ ಪ್ರಾರ್ಥನೆಯನ್ನು ಇವತ್ತೂ ಹೇಳುತ್ತಾರೆ. ಇನ್ನೊಂದು ಕಥೆಯಲ್ಲಿ ಇಬ್ಬರು ರಾಜರು. ಬೇಸಿಗೆಯ ನಡುವಿನಿಂದ ಹಗಲು ಕುಗ್ಗುವ ಕಾಲವನ್ನು ಆಳುವವನು ಹಾಲಿ ಗಿಡದ ಹೆಸರಿನ ಹಾಲಿ ರಾಜ, ಹಿಗ್ಗುವ ಕಾಲದವನು ಓಕ್ ಮರದ ಹೆಸರಿನ ಓಕ್ ರಾಜ. ಈ ರಾತ್ರಿ ಓಕ್ ರಾಜ ಗೆಲ್ಲುತ್ತಾನೆ. ಮಕ್ಕಳಿರುವ ಕಡೆ ಮರದ ಕತ್ತಿ ಹಿಡಿದು ಇದನ್ನು ಆಡಿ ತೋರಿಸುತ್ತಾರೆ, ಗಲಾಟೆಯೋ ಗಲಾಟೆ.

ಡ್ರೂಯಿಡರು ಇದೇ ಹಬ್ಬವನ್ನು ಆಲ್ಬನ್ ಆರ್ಥನ್ ಎನ್ನುತ್ತಾರೆ. ಅವರಲ್ಲಿ ದೊಡ್ಡ ಸಂಘವೊಂದನ್ನು 1964ರಲ್ಲಿ ರಾಸ್ ನಿಕೋಲ್ಸ್ ಸ್ಥಾಪಿಸಿದರು. ಆ ಸಂಪ್ರದಾಯದ ವಿಧಿ ನನಗೆ ತುಂಬಾ ಹಿಡಿಸುತ್ತದೆ. ತಮ್ಮನ್ನು ಹಿಂದಕ್ಕೆ ಎಳೆಯುತ್ತಿರುವುದರ ಗುರುತಾಗಿ ಒಂದೊಂದು ಬಟ್ಟೆಯ ಚೂರನ್ನು ಹಿಡಿದು ಬಂದವರು ಅದನ್ನು ಕತ್ತಲಲ್ಲಿ ನೆಲಕ್ಕೆ ಎಸೆಯುತ್ತಾರೆ. ಚಕಮಕಿ ಕಲ್ಲಿನಿಂದ ಒಂದು ದೀಪ ಹೊತ್ತಿಸಿ, ಕೋಲಿನ ತುದಿಗೆ ಸಿಕ್ಕಿಸಿ ಪೂರ್ವ ದಿಕ್ಕಿನಲ್ಲಿ ಎತ್ತಿ ಹಿಡಿಯುತ್ತಾರೆ. ಮಿಸಲ್‌ಟೋ ಅವರಿಗೆ ಮುಖ್ಯ. ಪ್ರಾಚೀನ ಡ್ರೂಯಿಡರು ಬಿಳಿ ಬಟ್ಟೆ ಉಟ್ಟು ಓಕ್ ಮರ ಹತ್ತಿ, ಚಿನ್ನದ ಕುಡುಗೋಲಿನಿಂದ ಅದನ್ನು ಕೊಯ್ಯುತ್ತಿದ್ದರು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಎರಡು ಬಿಳಿ ಹೋರಿಗಳ ಬಲಿಯ ಮಾತೂ ಅಲ್ಲಿದೆ. ಇಂದಿನವರು ಗಿಡವನ್ನಷ್ಟೇ ಉಳಿಸಿಕೊಂಡಿದ್ದಾರೆ. ಇಂಗ್ಲೆಂಡಿನ ಟೆನ್‌ಬರಿ ವೆಲ್ಸ್ ಪೇಟೆ ಮಿಸಲ್‌ಟೋ ಹರಾಜಿಗೇ ಹೆಸರಾಗಿದೆ.

ರಾತ್ರಿಯಿಡೀ ಬೆಂಕಿ ಆರದಂತೆ ಸರದಿಯ ಮೇಲೆ ಎಚ್ಚರವಿರುವುದು ಕೆಲವರ ವ್ರತ, ನಮ್ಮ ಶಿವರಾತ್ರಿ ಜಾಗರಣೆಯ ಹಾಗೆ. ಬೆಳಗಿನ ಜಾವ ಗುಡ್ಡದ ಮೇಲೋ ಸಮುದ್ರದ ದಂಡೆಗೋ ಹೋಗುತ್ತಾರೆ. ಅಲ್ಲಿ ಸೂರ್ಯ ಹುಟ್ಟುವುದು 8 ಗಂಟೆ ದಾಟಿದ ಮೇಲೆ. ಹಾಗಾಗಿ ಜಾವ ಎಂದರೆ ಏಳು ಗಂಟೆಗೆ ಹೊರಟರೂ ನಡೆಯುತ್ತದೆ. ಮೋಡವಿದ್ದರೂ ಹೊತ್ತು ಮೀರುವವರೆಗೆ ಕಾಯುತ್ತಾರೆ. ತಮಟೆಯಂಥ ಕೈವಾದ್ಯ ಬಾರಿಸುತ್ತಾರೆ, ಕೊಂಬು ಊದುತ್ತಾರೆ, ಸೂರ್ಯನಿಗೆ ಸ್ವಾಗತ ಕೂಗುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಂದು ಪಂಥದವರು ದಂಡೆಯಲ್ಲಿ ಬೆಂಕಿ ಹಾಕಿ, ಆ ಚಳಿಯಲ್ಲೇ ಸಮುದ್ರಕ್ಕೆ ಇಳಿದು ಮುಳುಗೇಳುತ್ತಾರೆ. ನಿಮ್ಮ ನೆರೆಯವರು ಅಷ್ಟು ದೂರ ಹೋಗಲಾರರು ಬಿಡಿ.

ಇನ್ನು, ಇದು ಎಷ್ಟು ಹಳೆಯದು? ಇದನ್ನು ನೇರವಾಗಿ ಹೇಳಬೇಕು, ಯಾಕೆಂದರೆ ಸಾಮಾಜಿಕ ಜಾಲತಾಣಗಳಲ್ಲಿ ತಪ್ಪು ಮಾಹಿತಿ ತುಂಬಾ ಓಡಾಡುತ್ತದೆ. ಬಿಡಿಬಿಡಿ ಅಂಶಗಳು ಹಳೆಯವು. ಅವನ್ನು ಜೋಡಿಸಿದ ಹಬ್ಬಕ್ಕೆ ಸುಮಾರು 70 ವರ್ಷ ವಯಸ್ಸು.

ಯೂಲ್ ಎಂಬ ಹಬ್ಬ ಉತ್ತರ ಯುರೋಪಿನಲ್ಲಿ ಇತ್ತು, ಅದರಲ್ಲಿ ಸಂಶಯವಿಲ್ಲ. 725ರಲ್ಲಿ ಬರೆದ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ, ಕ್ರೈಸ್ತರಾಗುವ ಮೊದಲು ತನ್ನ ಜನ ಡಿಸೆಂಬರ್ 25ರ ಸುಮಾರಿಗೆ ವರ್ಷ ಆರಂಭಿಸಿ, ಆ ರಾತ್ರಿಯನ್ನು ತಾಯಂದಿರ ರಾತ್ರಿ ಎನ್ನುತ್ತಿದ್ದರು ಎಂದಿದ್ದಾನೆ. 13ನೇ ಶತಮಾನದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬರೆದಂತೆ, 10ನೇ ಶತಮಾನದ ನಾರ್ವೆ ರಾಜ ಹಾಕನ್ ಯೂಲನ್ನು ಕ್ರಿಸ್‌ಮಸ್‌ನ ದಿನಕ್ಕೆ ತಂದು ಸೇರಿಸಿದ. ಅಂದರೆ ಅದಕ್ಕೆ ಮೊದಲು ಅದು ಬೇರೆ ದಿನ ನಡೆಯುತ್ತಿತ್ತು. ಆದರೆ ವರ್ಷಕ್ಕೆ ಎಂಟು ಹಬ್ಬಗಳ ಚಕ್ರ, ಅದರಲ್ಲಿ ಯೂಲ್ ಒಂದು ಎನ್ನುವ ಈಗಿನ ಚೌಕಟ್ಟು ಕೂಡಿಕೊಂಡದ್ದು 1950ರ ದಶಕದ ಬ್ರಿಟನ್ನಿನಲ್ಲಿ. ವಿಕ್ಕಾವನ್ನು ಬೆಳಕಿಗೆ ತಂದ ಜೆರಾಲ್ಡ್ ಗಾರ್ಡ್ನರ್ ಮತ್ತು ಮೇಲೆ ಹೇಳಿದ ರಾಸ್ ನಿಕೋಲ್ಸ್ ಇಬ್ಬರೂ ಪರಿಚಯಸ್ಥರು, ಆ ಚೌಕಟ್ಟು ಬೆಳೆದದ್ದು ಇವರ ಬಳಗಗಳಲ್ಲೇ. ಈ ಎಂಟೂ ಹಬ್ಬಗಳನ್ನು ಆಚರಿಸುತ್ತಿದ್ದ ಪ್ರಾಚೀನ ಜನಾಂಗ ಒಂದೂ ಸಿಗುವುದಿಲ್ಲ ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ ತೋರಿಸಿಕೊಟ್ಟಿದ್ದಾರೆ. ಇಬ್ಬರು ರಾಜರ ಕಥೆ ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಬರೆದ ಪುಸ್ತಕದಿಂದ ಬಂತು. ಆಲ್ಬನ್ ಆರ್ಥನ್ ಎಂಬ ಹೆಸರು ವೇಲ್ಸ್‌ನ ಕವಿ ಇಯೋಲೋ ಮೊರ್ಗನ್ವಗ್ ಕೊಟ್ಟದ್ದು, ಅವನು ತೀರಿಕೊಂಡದ್ದು 1826ರಲ್ಲಿ. ಕ್ರಿಸ್‌ಮಸ್ ಮರವನ್ನು ಕ್ರೈಸ್ತರು ಪೇಗನ್ನರಿಂದ ಕದ್ದರು ಎನ್ನುವ ಮಾತಿಗೂ ಆಧಾರವಿಲ್ಲ. ಮನೆಯೊಳಗೆ ಸಿಂಗರಿಸಿದ ಮರ ನಿಲ್ಲಿಸುವ ಪದ್ಧತಿ ಸುಮಾರು 16ನೇ ಶತಮಾನದ ಜರ್ಮನ್ ಭಾಷಿಕ ಪ್ರದೇಶಗಳಲ್ಲಿ ಶುರುವಾಯಿತು.

ಇದನ್ನು ಕೇಳಿ ಹಾಗಾದರೆ ಇದು ಸುಳ್ಳು ಹಬ್ಬ ಎಂದುಕೊಳ್ಳಬೇಡಿ. ಪೇಗನ್ನರಲ್ಲಿ ಓದಿಕೊಂಡವರಿಗೆ ಇದೆಲ್ಲ ಗೊತ್ತು, ಅವರು ಅದನ್ನು ಒಪ್ಪಿಕೊಂಡೇ ದೀಪ ಹಚ್ಚುತ್ತಾರೆ. ನಮ್ಮ ಸಾರ್ವಜನಿಕ ಗಣೇಶೋತ್ಸವ ಈಗಿನ ರೂಪ ಪಡೆದದ್ದು 1893ರಿಂದ ಈಚೆಗೆ. ಅದರಿಂದ ಬೀದಿಯ ಗಣಪನ ಮುಂದೆ ಕೈಮುಗಿಯುವವರ ಭಕ್ತಿ ಕಡಿಮೆಯಾಯಿತೇ? ಹಳೆಯದಾಗಿದ್ದರೆ ಮಾತ್ರ ಪವಿತ್ರ ಎನ್ನುವ ಅಳತೆಯನ್ನು ಇವರ ಮೇಲೆ ಹೇರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ನಿಜಕ್ಕೂ ಪುರಾತನವಾದದ್ದು ಬೇಕಿದ್ದರೆ ಕಲ್ಲುಗಳನ್ನು ನೋಡಿ. ಐರ್ಲೆಂಡಿನ ನ್ಯೂಗ್ರೇಂಜ್ ಸುಮಾರು 5,200 ವರ್ಷ ಹಳೆಯ ಸಮಾಧಿ ದಿಬ್ಬ. ಅದರ ಬಾಗಿಲ ಮೇಲೆ ಒಂದು ಸಣ್ಣ ಕಿಂಡಿ ಇದೆ. ವರ್ಷದ ಈ ಕೆಲವು ದಿನ ಮಾತ್ರ ಬೆಳಗಿನ ಕಿರಣ ಆ ಕಿಂಡಿಯಿಂದ ನುಗ್ಗಿ, ಉದ್ದನೆಯ ಓಣಿ ದಾಟಿ ಒಳಕೋಣೆಯನ್ನು ಸುಮಾರು 17 ನಿಮಿಷ ಬೆಳಗುತ್ತದೆ. ಪುರಾತತ್ವಜ್ಞ ಮೈಕೆಲ್ ಓಕೆಲಿ 1967ರ ಡಿಸೆಂಬರ್ 21ರಂದು ಅಲ್ಲಿ ಒಬ್ಬರೇ ನಿಂತು ಅದನ್ನು ಕಂಡರು. ಈಗ ಒಳಗೆ ಹೋಗಲು ಲಾಟರಿ ಎತ್ತುತ್ತಾರೆ. ನಿಮಗೆ ಹತ್ತಿರವಿರುವುದು ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುಗಳ ವೃತ್ತ. ಆ ಮುಂಜಾನೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಕಲ್ಲುಗಳ ನಡುವೆ ಓಡಾಡಲು ಉಚಿತವಾಗಿ ಬಿಡುತ್ತದೆ. ಸಾವಿರಾರು ಜನ ಸೇರುತ್ತಾರೆ. ಬೆಂಕಿ ಹಾಕುವ ಹಾಗಿಲ್ಲ. ಅಲ್ಲೊಂದು ವಿಚಿತ್ರ ಇದೆ. ಆ ಕಲ್ಲುಗಳ ಸಾಲು ಹೊಂದುವುದು ಚಳಿಗಾಲದ ಸೂರ್ಯಾಸ್ತಕ್ಕೆ, ಸೂರ್ಯೋದಯಕ್ಕಲ್ಲ. ಜನ ಜಾಸ್ತಿ ಸೇರುವುದು ಬೆಳಗ್ಗೆ. ಹತ್ತಿರದ ಡರಿಂಗ್‌ಟನ್ ವಾಲ್ಸ್ ಎಂಬ ಪ್ರಾಚೀನ ನೆಲೆಯಲ್ಲಿ ಸಿಕ್ಕ ಹಂದಿ ಹಲ್ಲುಗಳನ್ನು ಪರೀಕ್ಷಿಸಿದಾಗ, ಬಹಳಷ್ಟು ಹಂದಿಗಳು ಸುಮಾರು ಒಂಬತ್ತು ತಿಂಗಳಿದ್ದಾಗ ಕಡಿದವು ಎಂದು ತಿಳಿಯಿತು. ಹಂದಿ ಮರಿ ಹಾಕುವುದು ವಸಂತದಲ್ಲಿ. ಅಂದರೆ ಆ ಹಂದಿಗಳ ಔತಣ ನಡೆದದ್ದು ಚಳಿಗಾಲದ ನಡುವೆ.

ನಾರ್ಸ್ ದೇವರುಗಳ ಪಂಥದ ಬಗ್ಗೆ ಒಂದು ಮಾತು. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಶುರುವಾದ ಆಸಾತ್ರೂ ಸಂಘಕ್ಕೆ 1973ರಲ್ಲೇ ಸರ್ಕಾರದ ಮಾನ್ಯತೆ ಸಿಕ್ಕಿತು. ಚಳಿಗಾಲದ ಈ ತಿರುವಿನಲ್ಲಿ ಅವರು ಸೇರಿ, ಕೊಂಬಿನ ಪಾತ್ರೆಯಲ್ಲಿ ಪೇಯ ಹಂಚಿ, ದೇವರು, ಹಿರಿಯರು, ನೆಲದ ಶಕ್ತಿಗಳ ಹೆಸರು ಹೇಳಿ ಕುಡಿಯುತ್ತಾರೆ, ನೆಲಕ್ಕೂ ಸುರಿಯುತ್ತಾರೆ. ಆಮೇಲೆ ಭರ್ಜರಿ ಊಟ. ಬೇರೆ ದೇಶಗಳಲ್ಲಿ ಹಂದಿಯಾಕಾರದ ರೊಟ್ಟಿಯ ಮೇಲೆ ಕೈಯಿಟ್ಟು ವರ್ಷದ ಪ್ರತಿಜ್ಞೆ ಮಾಡುವವರೂ ಇದ್ದಾರೆ. ಆದರೆ ಯುರೋಪ್, ಅಮೆರಿಕಗಳಲ್ಲಿ ಇದೇ ದೇವರುಗಳ ಹೆಸರಿನಲ್ಲಿ ಬಿಳಿಯರ ಮೇಲರಿಮೆ ಸಾರುವ ಗುಂಪುಗಳೂ ಇವೆ. ಐಸ್‌ಲ್ಯಾಂಡಿನ ಸಂಘ ಅವರನ್ನು ಬಹಿರಂಗವಾಗಿ ದೂರವಿಟ್ಟಿದೆ. ನಮ್ಮಂಥವರು ಅಪರಿಚಿತ ಕೂಟಕ್ಕೆ ಹೋಗುವ ಮುಂಚೆ ಎಲ್ಲ ಜನಾಂಗದವರಿಗೂ ಸ್ವಾಗತವಿದೆಯೇ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ. ನಿಮ್ಮ ನೆರೆಯವರ ವಿಷಯದಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ, ಅವರೇ ಕರೆದಿದ್ದಾರಲ್ಲ.

ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಪೇಗನ್ನರಲ್ಲಿ ಬಹುತೇಕರು ಯೂಲ್ ಮಾಡುವುದು ಜೂನ್‌ನಲ್ಲಿ. ಅಲ್ಲಿ ಚಳಿಗಾಲ ಆಗಲೇ ಅಲ್ವಾ.

ಅವರು ನಿಮ್ಮ ಹಬ್ಬದ ಬಗ್ಗೆ ಕೇಳಿಯೇ ಕೇಳುತ್ತಾರೆ. ಆಗ ಸಂಕ್ರಾಂತಿಯ ಮಾತೆತ್ತಿ. ಎರಡೂ ಸೂರ್ಯ ಉತ್ತರಕ್ಕೆ ಹೊರಳುವುದಕ್ಕೆ ಸೇರಿದ ಹಬ್ಬಗಳೇ. ಸುಮಾರು 1,700 ವರ್ಷಗಳ ಹಿಂದೆ ಮಕರ ಸಂಕ್ರಮಣ ಮತ್ತು ಈ ತಿರುವು ಹೆಚ್ಚುಕಮ್ಮಿ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ವಾಲಾಡುತ್ತದೆ. ನಮ್ಮ ಪಂಚಾಂಗ ನಕ್ಷತ್ರಗಳ ಲೆಕ್ಕ ಹಿಡಿದದ್ದು. ಹಾಗಾಗಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ದೂರವಾಗುತ್ತಾ ಸಂಕ್ರಾಂತಿ ಜನವರಿ 14-15ಕ್ಕೆ ಬಂದು ನಿಂತಿದೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿಂದ ಬಿಸಿಲು ಹಾದು ಲಿಂಗದ ಮೇಲೆ ಬೀಳುವುದನ್ನು ಹೇಳಿದರೆ, ನ್ಯೂಗ್ರೇಂಜ್ ಬಲ್ಲ ಆ ಡ್ರೂಯಿಡ್ ಯಜಮಾನರು ರಾತ್ರಿಯೆಲ್ಲ ನಿಮ್ಮನ್ನು ಬಿಡುವುದಿಲ್ಲ.

ತೆಗೆದುಕೊಂಡು ಹೋಗಲು ಎಳ್ಳು-ಬೆಲ್ಲಕ್ಕಿಂತ ಒಳ್ಳೆಯದು ನನಗೆ ತೋಚುತ್ತಿಲ್ಲ. ಎಳ್ಳು, ಕಡಲೆಕಾಯಿ ಎರಡೂ ಕೆಲವರಿಗೆ ಅಲರ್ಜಿ. ಅಲ್ಲಿ ಅದು ಗಂಭೀರ ವಿಷಯ, ಮುಂಚೆಯೇ ಕೇಳಿ. ಮನೆಯಲ್ಲೇ ಮಾಡಿದ ಯಾವುದಾದರೂ ತಿಂಡಿ, ಒಂದು ದಪ್ಪ ಮೇಣದಬತ್ತಿ, ಒಣ ಸೌದೆಯ ಕಟ್ಟು, ಯಾವುದಾದರೂ ನಡೆಯುತ್ತದೆ. ಊಟದ ವಿಷಯ ಈಗಲೇ ತಿಳಿಸಿ. ಪೇಗನ್ನರಲ್ಲಿ ಸಸ್ಯಾಹಾರಿಗಳಿಗೆ ಬರವಿಲ್ಲ. ಬೀಜ, ತರಕಾರಿ ಸೇರಿಸಿ ಬೇಯಿಸಿದ ಖಾದ್ಯ, ರೊಟ್ಟಿ, ಮಸಾಲೆ ಬ್ರೆಡ್ಡು ಇರುತ್ತವೆ. ಸೇಬಿನ ಬಿಸಿ ಪೇಯ ಕೊಟ್ಟರೆ ಮಾತ್ರ ಕೇಳಿ ಕುಡಿಯಿರಿ. ಸಾಮರ್ಸೆಟ್‌ನಲ್ಲಿ ಸೈಡರ್ ಎಂದರೆ ಮದ್ಯ ಸೇರಿದ್ದೇ. ಪಾತ್ರೆ ಸುತ್ತಿ ಬಂದಾಗ ಕುಡಿಯದೆ, ಎತ್ತಿ ಹಿಡಿದು ಮುಂದಿನವರಿಗೆ ದಾಟಿಸಿದರೂ ಗೌರವ ಸಲ್ಲಿಸಿದ ಹಾಗೆಯೇ. ಫೋಟೋ ತೆಗೆಯುವ ಮೊದಲು ಒಪ್ಪಿಗೆ ಕೇಳಿ. ತಾವು ಪೇಗನ್ ಎಂದು ಆಫೀಸಿನಲ್ಲಿ ಹೇಳದವರು ಅಲ್ಲಿರಬಹುದು. ಸುತ್ತು ಕಟ್ಟಿ ನಿಂತ ಮೇಲೆ ಮಗುವಿಗೆ ಶೌಚಕ್ಕೆ ಹೋಗಬೇಕಾದರೆ ಪಕ್ಕದವರಿಗೆ ಮೆಲ್ಲಗೆ ಹೇಳಿ, ಅವರೇ ದಾರಿ ಮಾಡಿಕೊಡುತ್ತಾರೆ. ಅತ್ತೆಯವರಿಗೆ ನೆಲದ ಮೇಲೆ ಕೂರಲು ಕಷ್ಟವಾದರೆ ಒಂದು ಕುರ್ಚಿ ಕೇಳಿ, ಬೆಳಗಿನ ಗುಡ್ಡಕ್ಕೆ ಅವರನ್ನು ಕರೆದೊಯ್ಯಬೇಡಿ. ಡಿಸೆಂಬರ್‌ನ ಆ ಹುಲ್ಲು ಜಾರುತ್ತದೆ. ಮಕ್ಕಳಿಗೆ ಉಣ್ಣೆಯ ಟೋಪಿ, ಎರಡು ಜೊತೆ ಕಾಲುಚೀಲ, ನೀರು ಇಳಿಯದ ಬೂಟು ಹಾಕಿಸಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು ಇಟ್ಟುಕೊಳ್ಳಿ.